ಮೆಚ್ಚಿನ ಎದುರಾಳಿ

ಬಸವನಗುಡಿಯ ಆಟಗಾರರ ಕೂಟದಲ್ಲಿ ಪ್ರತಿ ಜನವರಿಯಲ್ಲೂ ಒಂದು ಓಟು ನಡೆಯುತ್ತದೆ. ಚದುರಂಗವನ್ನೇ ಕಸುಬು ಮಾಡಿಕೊಂಡ ಇಪ್ಪತ್ತು ಚಿಲ್ಲರೆ ಜನ ಅಲ್ಲಿ ಸೇರುತ್ತಾರೆ. ಯಾರ ರೇಟಿಂಗ್ ಎಷ್ಟು, ಯಾರು ಯಾವ ಊರಲ್ಲಿ ಕಪ್ ಗೆದ್ದರು ಎನ್ನುವುದನ್ನೆಲ್ಲ ಅವತ್ತು ಪಕ್ಕಕ್ಕಿಟ್ಟು, ತಮ್ಮೊಳಗಿನವರದೇ ಮೂರು ಹೆಸರು ಚೀಟಿಯಲ್ಲಿ ಬರೆದು ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. ಪ್ರಶ್ನೆ ಒಂದೇ: ನಿಮ್ಮ ಮೆಚ್ಚಿನ ಎದುರಾಳಿ ಯಾರು? ಓಟು ಎಣಿಸಿ, ಕಡೆಯವರಿಂದ ಶುರುಮಾಡಿ ಮೊದಲನೆಯವರ ತನಕ ಹೆಸರು ಓದುತ್ತಾರೆ. ಆಮೇಲೆ ಮೊದಲನೆಯವರೂ ಕಡೆಯವರೂ ಎಲ್ಲರ ಮುಂದೆ ಕೂತು ಒಂದು ಆಟ ಆಡಬೇಕು. ಯಾರ ಮನಸ್ಸಿನಲ್ಲೂ ಏನೂ ಉಳಿಯಬಾರದು ಎಂದು ಹಿರಿಯರು ಮಾಡಿಟ್ಟ ಪದ್ಧತಿ ಅದು. ಹತ್ತು ಹನ್ನೆರಡು ನಡೆ, ‘ಡ್ರಾ?’ ಎಂದು ಒಂದು ಕೈಕುಲುಕು, ಒಂದು ಫೋಟೊ, ಊಟ.

ದೊರೆಸ್ವಾಮಿ ಖಾಯಂ ಕಡೆಯವರಾದ ಮೇಲೆ ಊಟ ಮುಂಚೆ, ಆಟ ಆಮೇಲೆ ಎಂದಾಯಿತು. ಅವರಿಗೆ ಡ್ರಾ ಎನ್ನುವುದೇ ಗೊತ್ತಿರಲಿಲ್ಲ. ಯಾರಾದರೂ ಕೈ ಚಾಚಿ ಅರ್ಧರ್ಧ ಅಂಕ ಹಂಚಿಕೊಳ್ಳೋಣ ಎಂದರೆ ಅವರು ತಲೆ ಎತ್ತದೆ “ಆಡಿ” ಅನ್ನುತ್ತಿದ್ದರು. ಇಬ್ಬರು ರಾಜರನ್ನು ಬಿಟ್ಟು ಬೇರೇನೂ ಉಳಿಯದ ತನಕ ಅವರಿಗೆ ಆಟ ಮುಗಿಯುತ್ತಿರಲಿಲ್ಲ. ಮೊದಲ ವರ್ಷ ಅವರ ಆಟ ಮುಗಿಯುವಷ್ಟರಲ್ಲಿ ಅವರೆಕಾಳು ಹುಳಿ ಮೂರು ಸಲ ಬಿಸಿಯಾಗಿ ತಳ ಹಿಡಿಯಿತು ಎಂದು ಅಡುಗೆಯವರು ಈಗಲೂ ಹೇಳುತ್ತಾರೆ. ಅವರೆದುರು ಕೂತಿದ್ದವನು ರಾಘವ. ರಾಘವ ಸತತವಾಗಿ ಮೊದಲನೆಯವನು. ಸೋತರೂ ಎದುರಾಳಿಯ ಹೆಗಲ ಮೇಲೆ ಕೈಹಾಕಿಕೊಂಡು ಗಾಂಧಿ ಬಜಾರಿಗೆ ಕಾಫಿಗೆ ಹೊರಡುವವನು. ಅವನಿಗೆ ಓಟು ಹಾಕದೆ ಇನ್ನಾರಿಗೆ ಹಾಕುತ್ತಾರೆ?

ರಾಘವ ತೀರಿಕೊಂಡ ವರ್ಷ ಕೂಟ ನಡೆಯಲಿಲ್ಲ. ಈ ಜನವರಿಯಲ್ಲಿ ಮತ್ತೆ ನಡೆಯಿತು. ಮೂರನೆಯ ಸಾಲಿನಲ್ಲಿ, ಗೋಡೆಯ ಪಕ್ಕದ ಕುರ್ಚಿಯಲ್ಲಿ, ಅವನ ಹೆಂಡತಿ ಮೈತ್ರೇಯಿ ಕೂತಿದ್ದಳು. ಅವಳೂ ಅವನಷ್ಟೇ ವರ್ಷದಿಂದ ಆಡುತ್ತಿದ್ದವಳು, ಆಟದಲ್ಲಿ ಅವನಿಗಿಂತ ಒಂದು ಕೈ ಮೇಲು ಎಂದು ಅವನೇ ಹೇಳುತ್ತಿದ್ದ. ಆದರೆ ಓಟಿನಲ್ಲಿ ಅವಳ ಹೆಸರು ಯಾವಾಗಲೂ ಕೆಳಗಿನ ಅರ್ಧದಲ್ಲಿ ಬರುತ್ತಿತ್ತು. ಬಿಗಿಯಾಗಿ ಆಡುತ್ತಾಳೆ, ಬಿಡುವುದಿಲ್ಲ, ಗೆದ್ದರೂ ನಗುವುದಿಲ್ಲ ಎನ್ನುತ್ತಿದ್ದರು. ಅವಳಿಗೆ ಅದರಿಂದ ಬೇಜಾರೇನೂ ಇರಲಿಲ್ಲ.

ಕೂಟದ ಕಾರ್ಯದರ್ಶಿ ಬದರೀನಾರಾಯಣ ಕನ್ನಡಕ ಏರಿಸಿಕೊಂಡು ಓದಲು ಶುರುಮಾಡಿದರು.

“ದೊರೆಸ್ವಾಮಿ. ಸೊನ್ನೆ.”

ಹಿಂದಿನಿಂದ ಯಾರೋ ಅಂದರು: “ಅದ್ಯಾಕ್ ಸಾರ್, ವರ್ಷಾ ವರ್ಷಾ ಒಂದು ಬರ್ತಿತ್ತಲ್ಲ. ಈ ಸಲ ಅವರೂ ಅವರಿಗೆ ಹಾಕ್ಕೊಂಡಿಲ್ವಾ?”

ಸಭೆ ನಕ್ಕಿತು. ದೊರೆಸ್ವಾಮಿ ಕಿಟಕಿಯ ಹತ್ತಿರ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಐವತ್ತು ದಾಟಿದ, ಒಣಗಿದ ಮೈಯ ಮನುಷ್ಯ. ತ್ಯಾಗರಾಜನಗರದಲ್ಲಿ ಒಂದು ಕೋಣೆಯಲ್ಲಿ ಒಬ್ಬರೇ ಇರುತ್ತಾರೆ ಎನ್ನುವುದಕ್ಕಿಂತ ಹೆಚ್ಚಿಗೆ ಅವರ ವಿಷಯ ಯಾರಿಗೂ ಗೊತ್ತಿರಲಿಲ್ಲ, ಕೇಳಿದವರೂ ಇರಲಿಲ್ಲ. ಅವರು ನಗಲಿಲ್ಲ. ಸಿಪ್ಪೆ ಬಿಡಿಸುತ್ತಿದ್ದ ಬೆರಳು ಒಂದು ಕ್ಷಣ ನಿಂತಿತು, ಅಷ್ಟೆ.

ಆ ಒಂದು ಓಟು ಯಾರದೆಂದು ಮೈತ್ರೇಯಿಗೆ ಗೊತ್ತಿತ್ತು. ವರ್ಷಾ ವರ್ಷಾ ರಾಘವ ಅವಳ ಪಕ್ಕದಲ್ಲೇ ಕೂತು, ಅವಳಿಗೆ ಕಾಣುವ ಹಾಗೆ, ಚೀಟಿಯ ಮೊದಲ ಸಾಲಿನಲ್ಲಿ ದೊರೆಸ್ವಾಮಿ ಎಂದು ಬರೆಯುತ್ತಿದ್ದ. ಒಮ್ಮೆ ಅವಳು ಹುಬ್ಬು ಗಂಟಿಕ್ಕಿದ್ದಕ್ಕೆ, “ಬೇರೆಯವರ ಜೊತೆ ನಾನು ಹರಟೆ ಹೊಡೀತೀನಿ ಕಣೇ. ಈ ಮನುಷ್ಯನ ಎದುರಿಗೆ ಕೂತಾಗ ಮಾತ್ರ ಆಡ್ತೀನಿ” ಎಂದಿದ್ದ. ಈ ಸಲ ಅವಳು ತನ್ನ ಚೀಟಿಯನ್ನು ಖಾಲಿಯಾಗಿಯೇ ಡಬ್ಬಿಗೆ ಹಾಕಿದ್ದಳು. ಮೂರು ಹೆಸರು ಯೋಚಿಸುವಷ್ಟು ಶಕ್ತಿ ಅವಳಿಗಿರಲಿಲ್ಲ.

ಹೆಸರುಗಳು ಮೇಲಕ್ಕೇರುತ್ತ ಹೋದವು. ಅವಳ ಹೆಸರು ಬರಬೇಕಾದ ಜಾಗ ದಾಟಿತು. ಅರ್ಧ ದಾಟಿತು. ಮೂರನೆಯವರು, ಎರಡನೆಯವರು. ಬದರೀನಾರಾಯಣ ಕಾಗದ ಕೆಳಗಿಟ್ಟು, ಕನ್ನಡಕ ತೆಗೆದು, ದನಿ ಸಣ್ಣದು ಮಾಡಿಕೊಂಡರು.

“ಮೊದಲನೇ ಸ್ಥಾನ, ನಮ್ಮ ಮೈತ್ರೇಯಿ. ಇಷ್ಟು ಓಟು ರಾಘವನಿಗೂ ಯಾವತ್ತೂ ಬಿದ್ದಿರ್ಲಿಲ್ಲಮ್ಮ.”

ಎಲ್ಲರೂ ಎದ್ದು ನಿಂತರು. ಚಪ್ಪಾಳೆ ಜೋರಾಗಿರಲಿಲ್ಲ, ಮಲಗಿರುವ ಮಗು ಎದ್ದುಬಿಟ್ಟೀತು ಅನ್ನುವ ಹಾಗಿತ್ತು. ಮೈತ್ರೇಯಿ ಎದ್ದು ಕೈಮುಗಿದು ಕೂತಳು. ಏನಾದರೂ ಅನ್ನಿಸಬೇಕು ಎಂದು ಕಾದಳು. ಏನೂ ಅನ್ನಿಸಲಿಲ್ಲ.

ಊಟಕ್ಕೆ ಕೂತಾಗ ವಿನುತಾ ಪಕ್ಕದಲ್ಲಿ ಬಂದು ಕೂತಳು. ಅವಳಿಗಿಂತ ಐದಾರು ವರ್ಷ ಚಿಕ್ಕವಳು, ಕೈಗೂಸನ್ನು ಅಮ್ಮನ ಹತ್ತಿರ ಬಿಟ್ಟು ಟೂರ್ನಮೆಂಟುಗಳಿಗೆ ಓಡಾಡುವವಳು. ಎಲೆಯ ಮೇಲೆ ಕೋಸಂಬರಿ ಬೀಳುತ್ತಿದ್ದಂತೆ ಮೈತ್ರೇಯಿಯ ಮೊಣಕೈ ಹಿಡಿದು ಅಂದಳು:

“ನಾನು ಮೊದಲನೇ ಹೆಸರೇ ನಿಮ್ದು ಬರ್ದೆ ಅಕ್ಕ. ನಾನೊಬ್ಳೇ ಅಲ್ಲ, ಎಲ್ರೂ. ಯಾರ್ಗೆ ಯಾರು ಅಂತ ಪೇರಿಂಗ್ ಹಾಕ್ದಾಗ ನಿಮ್ ಹೆಸ್ರು ಬಂದ್ರೆ ಸಾಕು, ಅವತ್ತು ರಜಾ ಸಿಕ್ಕಿದಂಗೆ. ನಿಜ್ವಾಗ್ಲೂ. ಹೋದ ತಿಂಗಳು ಪಾಪೂಗೆ ಜ್ವರ ಇತ್ತಲ್ಲ, ನಿಮ್ ಜೊತೆ ರೌಂಡು ಬಂದಿದ್ದಕ್ಕೆ ನಾನು ಬೇಗ ಮನೆಗೆ ಹೋದೆ.”

“ಹೌದಾ” ಎಂದಳು ಮೈತ್ರೇಯಿ.

“ಹೂಂ ಅಕ್ಕ. ನಿಮ್ದು ಒಳ್ಳೇ ಮನಸ್ಸು.”

ಬಡಿಸುವವರು ಹಿತಕಿದವರೆ ತಂದರು. ವಿನುತಾ ಬೇರೆ ಮಾತಿಗೆ ಹೋದಳು. ಮೈತ್ರೇಯಿ ಅನ್ನ ಕಲಸುತ್ತ ಕೂತಳು. ರಜಾ ಸಿಕ್ಕಿದಂಗೆ ಎನ್ನುವುದು ತಲೆಯಲ್ಲಿ ಒಂದು ಕಡೆ ನಿಂತುಬಿಟ್ಟಿತು.

ಆ ರಜಾ ಶುರುವಾದದ್ದು ವಿನುತಾಳಿಂದಲೇ. ರಾಘವ ಹೋದ ಮೇಲೆ ಮೈತ್ರೇಯಿ ಆಡಿದ ಮೊದಲ ಟೂರ್ನಮೆಂಟು ಮಲ್ಲೇಶ್ವರದಲ್ಲಿ. ಎದುರಿಗೆ ಕೂತ ವಿನುತಾಳ ಕಣ್ಣು ಒದ್ದೆಯಾಗಿತ್ತು. ಹತ್ತು ನಡೆ ಕಳೆಯುವುದರೊಳಗೆ ಅವಳು ಕೈ ಚಾಚಿ “ಸಾಕಕ್ಕ, ಡ್ರಾ ಮಾಡ್ಕೊಳೋಣ” ಎಂದಿದ್ದಳು. ಸಾವಿನ ಮನೆಯಲ್ಲಿ ಯಾರೋ ಕೈಗಿಟ್ಟ ಕಾಫಿ ಲೋಟವನ್ನು ತೆಗೆದುಕೊಳ್ಳುವ ಹಾಗೆ ಮೈತ್ರೇಯಿ ಆ ಅರ್ಧ ಅಂಕವನ್ನು ತೆಗೆದುಕೊಂಡಿದ್ದಳು. ಮರುದಿನ ಇನ್ನೊಬ್ಬರು ಕೊಟ್ಟರು. ಆಮೇಲೆ ಮತ್ತೊಬ್ಬರು. ಚದುರಂಗದವರಿಗೆ ಸಮಾಧಾನದ ಮಾತು ಬರುವುದಿಲ್ಲ. ತಮಗೆ ಬಂದದ್ದನ್ನು ಅವರು ಕೊಟ್ಟರು. ಕೊನೆಕೊನೆಗೆ ಅವಳೇ ಮೊದಲು ಕೈ ಚಾಚುವುದು ರೂಢಿಯಾಯಿತು. ಯೋಚನೆ ಮಾಡುವುದು ತಪ್ಪುತ್ತಿತ್ತು. ಯೋಚನೆ ಯಾವ ದಿಕ್ಕಿಗೆ ಶುರುವಾದರೂ ಒಂದೇ ಕಡೆ ಹೋಗಿ ನಿಲ್ಲುತ್ತಿದ್ದ ಕಾಲ ಅದು.

ಹೀಗೆ ಒಂದು ವರ್ಷದಿಂದ ಅವಳು ಗೆದ್ದಿರಲಿಲ್ಲ, ಸೋತೂ ಇರಲಿಲ್ಲ. ಆಟ ಮುಗಿದ ಮೇಲೆ ಇಬ್ಬರೂ ಕೂತು, ಎಲ್ಲಿ ಏನಾಯಿತು, ಇಲ್ಲಿ ಹೀಗೆ ಆಡಿದ್ದರೆ ಹೇಗೆ ಎಂದು ಕಾಯಿ ಸರಿಸಿ ನೋಡುವುದು ಆಟಗಾರರ ಪದ್ಧತಿ. ಆಟಕ್ಕಿಂತ ಅದೇ ಹೆಚ್ಚು ಹೊತ್ತು ಹಿಡಿಯುವುದೂ ಉಂಟು. ಹನ್ನೆರಡು ನಡೆಯ ಡ್ರಾದಲ್ಲಿ ನೋಡುವುದಕ್ಕೆ ಏನಿರುತ್ತದೆ? ಅವಳೆದುರು ಕೂತವರೆಲ್ಲ ಕಾಲುಗಂಟೆಯಲ್ಲಿ ಕೈಕುಲುಕಿ, ಹೆಗಲು ಸವರಿ, ಎದ್ದು ಹೋಗಿದ್ದರು. ವರ್ಷದಲ್ಲಿ ಒಬ್ಬರೂ ಅದಕ್ಕಿಂತ ಹೆಚ್ಚು ಹೊತ್ತು ಅವಳ ಎದುರಿಗೆ ಕೂತಿರಲಿಲ್ಲ. ಇದು ಅವಳಿಗೆ ಹೊಳೆದದ್ದು ಈಗ, ಎಲೆಯ ಮುಂದೆ.

ಮತ್ತೆ ಇನ್ನೊಂದು ಹೊಳೆಯಿತು. ನನಗೆ ಇನ್ನೂ ಆಡಲು ಬರುತ್ತದೆಯೇ? ಬೇರೇನನ್ನೂ ಕಲಿಯದೆ, ಅದೊಂದನ್ನೇ ಹಿಡಿದು ಮೂವತ್ತನಾಲ್ಕು ವರ್ಷಕ್ಕೆ ಬಂದು ನಿಂತವಳಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಎಲೆ ಮಡಿಚಿ ಎದ್ದಳು.

ಸಭಾಂಗಣದ ನಡುವೆ ಮೇಜು ಹಾಕಿದ್ದರು. ಸುತ್ತ ಕುರ್ಚಿಗಳು. ದೊರೆಸ್ವಾಮಿ ಆಗಲೇ ಬಂದು ಕಾಯಿಗಳನ್ನು ಅವುಗಳ ಮನೆಯ ನಟ್ಟನಡುವೆ ಬರುವಂತೆ ಸರಿಪಡಿಸುತ್ತಿದ್ದರು. ರಾಘವ ಹೋದಾಗ ಚಾಮರಾಜಪೇಟೆಯ ಮನೆಗೆ ಕೂಟದವರೆಲ್ಲ ಬಂದಿದ್ದರು, ಅವರೊಬ್ಬರು ಬಂದಿರಲಿಲ್ಲ. ಅದನ್ನು ಬೇರೆಯವರು ಅವಳಿಗೆ ನೆನಪಿಸಿ ಹೇಳಿದ್ದರು. ಆಮೇಲೆ ಎಲ್ಲಿಯಾದರೂ ಕಣ್ಣಿಗೆ ಬಿದ್ದರೂ ಅವರು ಒಂದು ಮಾತು ಆಡಿರಲಿಲ್ಲ, ಎದುರುಬದುರು ಕೂತು ಆಡುವ ಸರದಿಯೂ ಬಂದಿರಲಿಲ್ಲ.

“ಫೋಟೊಗೆ ರೆಡಿ ಇರಪ್ಪ, ಬೇಗ ಮುಗಿಯತ್ತೆ” ಎಂದು ಬದರೀನಾರಾಯಣ ಕ್ಯಾಮೆರಾದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಮೈತ್ರೇಯಿಗೆ ಬಿಳಿ ಕಾಯಿ. ಮೊದಲ ನಡೆಗಳನ್ನು ಕೈ ತಾನಾಗಿ ಆಡಿತು. ಹನ್ನೆರಡನೆಯ ನಡೆಯ ಹೊತ್ತಿಗೆ, ರೂಢಿಯಂತೆ, ಅದೇ ಕೈ ಮೇಜಿನ ಮೇಲೆ ಮುಂದಕ್ಕೆ ಹೋಯಿತು.

“ಡ್ರಾ, ಸರ್?”

ಕ್ಯಾಮೆರಾದವನು ಒಂದು ಹೆಜ್ಜೆ ಮುಂದೆ ಬಂದ. ದೊರೆಸ್ವಾಮಿ ತಲೆ ಎತ್ತಲಿಲ್ಲ.

“ಆಡಿ.”

ಕುರ್ಚಿಗಳು ಕಿರುಗುಟ್ಟಿದವು. ಬದರೀನಾರಾಯಣ ಬಗ್ಗಿ, ಪಿಸುದನಿಯಲ್ಲಿ, “ದೊರೆಸ್ವಾಮಿ, ಇವತ್ತಾದ್ರೂ...” ಎಂದರು.

“ಅವ್ರಿಗೆ ಕಿವಿ ಕೇಳತ್ತೆ, ಸಾರ್. ನನಗೂ ಕೇಳತ್ತೆ. ನೀವು ಆಡಿ.” ಕಡೆಯ ಮಾತು ಮೈತ್ರೇಯಿಗೆ.

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಕಿವಿ ಬಿಸಿಯಾಯಿತು. ಇಷ್ಟು ದಿನದಲ್ಲಿ ಯಾರೂ ಅವಳಿಗೆ ಏನನ್ನೂ ಇಲ್ಲ ಎಂದಿರಲಿಲ್ಲ. ಬೋರ್ಡು ನೋಡಿದಳು. ಕಪ್ಪು ಬಿಳಿ ಮನೆಗಳು ಕಂಡವು, ಬೇರೇನೂ ಕಾಣಲಿಲ್ಲ. ಮೊದಲು ಇದೇ ಬೋರ್ಡಿನಲ್ಲಿ ಗೆರೆಗಳು ಕಾಣುತ್ತಿದ್ದವು: ಈ ಆನೆ ಇಲ್ಲಿಂದ ಅಲ್ಲಿಗೆ, ಆ ಕುದುರೆ ಎರಡು ನಡೆಯಾದ ಮೇಲೆ ಎಲ್ಲಿ. ಈಗ ಎಲ್ಲವೂ ಮರದ ತುಂಡು. ಅವಳು ಒಂದು ನಡೆ ಆಡಿದಳು, ಕೆಟ್ಟ ನಡೆ. ದೊರೆಸ್ವಾಮಿ ಅದಕ್ಕೆ ದಂಡ ಹಾಕಿದರು. ಒಂದು ಕಾಲಾಳು ಹೋಯಿತು. ಮತ್ತೆ ಕೂತು ನೋಡಿದಳು.

ಯಾವಾಗ ಕಂಡಿತೋ ಗೊತ್ತಿಲ್ಲ. ಸುತ್ತ ಕೂತವರಲ್ಲಿ ಕೆಲವರು ಎದ್ದು ಹೋಗಿದ್ದರು. ಕಿಟಕಿಯಿಂದ ಬಿದ್ದ ಬಿಸಿಲು ಮೇಜಿನ ಕಾಲಿನಿಂದ ಅವಳ ಕಾಲಿನ ಹತ್ತಿರಕ್ಕೆ ಬಂದಿತ್ತು. ಒಂದು ಗೆರೆ ಕಂಡಿತು, ಅದರ ಹಿಂದೆ ಇನ್ನೊಂದು. ಅವಳು ಆನೆಯನ್ನು ಅವರ ಪಾಳೆಯದ ಒಳಗೆ ಇಳಿಸಿದಳು. ದೊರೆಸ್ವಾಮಿ ಕೈಯಲ್ಲಿದ್ದ ಕಡಲೆಕಾಯಿಯನ್ನು ಬಾಯಿಗೆ ಹಾಕದೆ ಮೇಜಿನ ಮೇಲಿಟ್ಟರು. ಹೋದ ಕಾಲಾಳಿಗೆ ಬದಲಾಗಿ ಅವರದೊಂದು ಬಿತ್ತು. ರಾಣಿಗಳು ಬಿದ್ದವು. ಅವಳಿಗೆ ಆನೆ ಉಳಿಯಿತು, ಅವರಿಗೆ ಬರೀ ಒಂದು ಕುದುರೆ, ಎರಡು ಕಡೆಯಲ್ಲೂ ನಾಲ್ಕಾರು ಕಾಲಾಳುಗಳು. ಆನೆಯ ಮುಂದೆ ಕುದುರೆ ಎಷ್ಟು ಹೊತ್ತು ನಿಂತೀತು? ಗೆಲುವು ಅವಳದೇ. ವಿನುತಾ ಬಾಯಿಗೆ ಕೈ ಹಿಡಿದು ನಿಂತಿದ್ದಳು.

ಆಗ ಮೈತ್ರೇಯಿ ತಲೆ ಎತ್ತಿ ಎದುರಿಗಿದ್ದ ಮುಖ ನೋಡಿದಳು.

ಅಂಗಿಯ ಕಾಲರು ಸವೆದಿತ್ತು. ಬೆಳಗ್ಗೆ ಗಡ್ಡ ತೆಗೆದವರು ಗಲ್ಲದ ಕೆಳಗೆ ಒಂದಿಷ್ಟು ಬಿಟ್ಟಿದ್ದರು, ಹೇಳಲು ಮನೆಯಲ್ಲಿ ಯಾರೂ ಇರದವರು ಬಿಡುವ ಹಾಗೆ. ಸೊನ್ನೆ ಎಂದು ಓದಿದಾಗ ನಿಂತ ಆ ಬೆರಳು ನೆನಪಾಯಿತು. ಇಷ್ಟು ಜನರ ಮುಂದೆ, ಓಟಿನಲ್ಲೂ ಕಡೆ, ಆಟದಲ್ಲೂ ಸೋಲು. ಪಾಪ, ಕೈ ಚಾಚಿಬಿಡಲೇ ಅನ್ನಿಸಿತು. ಬೆರಳ ತುದಿಯ ತನಕ ಬಂತು. ಹಾಗೆ ಅನ್ನಿಸಿದ ಗಳಿಗೆಯಲ್ಲೇ ಅವಳಿಗೆ ಗೊತ್ತಾಯಿತು: ಒಂದು ವರ್ಷದಿಂದ ಎಲ್ಲರೂ ತನ್ನನ್ನು ನೋಡಿದ್ದು ಹೀಗೆಯೇ. ಬೋರ್ಡನ್ನಲ್ಲ, ಕಾಲರನ್ನು.

ಅವಳು ಕೈಯನ್ನು ತಡೆದು, ಆ ಕೈಗೆ ಏನಾದರೂ ಕೆಲಸ ಕೊಡಬೇಕೆನ್ನುವಂತೆ, ರಾಜನನ್ನು ಒಂದು ಮನೆ ಮುಂದಿಟ್ಟು ಮೇಜಿನ ಮೇಲಿದ್ದ ಆಟದ ಗಡಿಯಾರ ಒತ್ತಿದಳು.

ದೊರೆಸ್ವಾಮಿ ಬಹಳ ಹೊತ್ತು ಯೋಚಿಸಲಿಲ್ಲ. ಕುದುರೆ ಎದ್ದಿತು, ಪಕ್ಕಕ್ಕೆ ಇಳಿಯಿತು. “ಚೆಕ್” ಎಂದರು. ಅಲ್ಲಿಂದ ಅದು ರಾಜನ ಮೇಲೂ ಬೀಳುತ್ತಿತ್ತು, ಆನೆಯ ಮೇಲೂ ಬೀಳುತ್ತಿತ್ತು. ರಾಜ ಓಡಬೇಕು, ಆನೆ ಹೋಗಬೇಕು.

ಸಭೆಯಲ್ಲಿ ಯಾರೋ “ಅಯ್ಯೋ” ಅಂದರು. ಅವಳು ಇನ್ನೂ ಕೆಲವು ನಡೆ ಆಡಿದಳು, ಆಡಲು ಏನೂ ಉಳಿಯಲಿಲ್ಲ. ಸೋತೆ ಎನ್ನುವಂತೆ ರಾಜನನ್ನು ಮಲಗಿಸಿ ಕೈ ಚಾಚಿದಳು. ಈ ಸಲ ಅವರು ಹಿಡಿದು ಕುಲುಕಿದರು. ಅಂಗೈ ಒರಟಾಗಿತ್ತು, ಬೆಚ್ಚಗಿತ್ತು.

ಫೋಟೊ ತೆಗೆಯಲು ಯಾರಿಗೂ ಮನಸ್ಸಿರಲಿಲ್ಲ. “ಇಂಥ ದಿನ ಒಂದು ಆಟ ಬಿಟ್ಕೊಟ್ಟಿದ್ರೆ ಇವರ ಗಂಟೇನು ಹೋಗ್ತಿತ್ತು” ಎಂದು ಒಬ್ಬರು ಎಲ್ಲರಿಗೂ ಕೇಳುವಂತೆ ಹೇಳಿದರು. ವಿನುತಾ ಬಂದು ಹೆಗಲು ಹಿಡಿದು, “ಬನ್ನಿ ಅಕ್ಕ, ನಾನು ಮನೆಗೆ ಬಿಡ್ತೀನಿ” ಎಂದಳು.

“ನೀನು ಹೋಗಿರು” ಎಂದಳು ಮೈತ್ರೇಯಿ.

ಯಾಕೆಂದರೆ ದೊರೆಸ್ವಾಮಿ ಎದ್ದಿರಲಿಲ್ಲ. ಅವರು ಕಾಯಿಗಳನ್ನು ಮತ್ತೆ ಜೋಡಿಸುತ್ತಿದ್ದರು, ಶುರುವಿನ ಹಾಗಲ್ಲ, ನಡು ಆಟದ ಹಾಗೆ. ಜನ ಕರಗಿದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು ಕೇಳುತ್ತಿತ್ತು. ಇಬ್ಬರೂ ನಡೆಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿದರು. ಅವರು ಹೊಗಳಲಿಲ್ಲ. “ಇದು ತಪ್ಪು” ಅಂದರು, “ಇದೂ ತಪ್ಪು” ಅಂದರು. ಅವಳ ಆನೆ ಒಳಗೆ ಇಳಿದ ಜಾಗಕ್ಕೆ ಬಂದಾಗ ತಪ್ಪು ಅನ್ನಲಿಲ್ಲ, ಅಷ್ಟೆ. ಆಮೇಲೆ ರಾಜನನ್ನು ಸರಿಸಿದ ಜಾಗಕ್ಕೆ ಬಂದರು.

“ಇಲ್ಲಿ ನೀವು ಗೆದ್ದಾಗಿತ್ತು.”

“ಗೊತ್ತಿತ್ತು, ಸರ್.”

“ಮತ್ತೆ? ಕುದುರೆ ಕಣ್ಮುಂದೆ ನಿಂತಿದೆ.”

ಮೈತ್ರೇಯಿ ಹೇಳಬಾರದೆಂದುಕೊಂಡರೂ ಹೇಳಿದಳು. “ನಿಮ್ಮ ಮುಖ ನೋಡ್ದೆ. ಪಾಪ ಅನ್ನಿಸ್ತು.”

ದೊರೆಸ್ವಾಮಿ ಮೊದಲ ಸಲ ತಲೆ ಎತ್ತಿದರು. ಸಿಟ್ಟು ಬರುತ್ತದೆ ಎಂದುಕೊಂಡಳು. ಬರಲಿಲ್ಲ.

“ನೋಡಿ” ಎಂದರು. “ಪಾಪ ಅನ್ಕೊಂಡ್ರಿ, ಆನೆ ಹೋಯ್ತು.”

ಅವಳಿಗೆ ನಗು ಬಂತು. ಸಣ್ಣ ನಗು, ಮೂಗಿನಲ್ಲೇ ನಿಂತದ್ದು. ಆದರೂ ಬಂತು.

ಅವರು ಕಾಯಿಗಳನ್ನು ಪೆಟ್ಟಿಗೆಗೆ ತುಂಬಲು ಶುರುಮಾಡಿದರು. ಅರ್ಧ ತುಂಬಿದ ಮೇಲೆ, ಪೆಟ್ಟಿಗೆಯನ್ನೇ ನೋಡುತ್ತ ಹೇಳಿದರು:

“ಪ್ರತಿ ವರ್ಷ ಒಂದು ಓಟು ಬರ್ತಿತ್ತು. ನಾನು ಹಾಕ್ಕೊಳ್ತಿರ್ಲಿಲ್ಲ. ಯಾರು ಅಂತ ಗೊತ್ತಾಗ್ತಿರ್ಲಿಲ್ಲ. ಇವತ್ತು ಗೊತ್ತಾಯ್ತು.”

“ಹೌದು, ಸರ್” ಎಂದಳು ಮೈತ್ರೇಯಿ. “ಅವನೇ.”

ಅವರು ತಲೆಯಾಡಿಸಿದರು. ಪೆಟ್ಟಿಗೆಯ ಕೊಂಡಿ ಸರಿಯಾಗಿ ಕೂರುತ್ತಿರಲಿಲ್ಲ, ಎರಡು ಸಲ ಒತ್ತಬೇಕಾಯಿತು. ಆಮೇಲೆ ಎದ್ದು, ಉಳಿದ ಕಡಲೆಕಾಯಿಯನ್ನು ಜೇಬಿಗೆ ಹಾಕಿಕೊಂಡು, ಬರುತ್ತೇನೆ ಎಂದೂ ಹೇಳದೆ ಮೆಟ್ಟಿಲಿಳಿದು ಹೋದರು.

ಮೈತ್ರೇಯಿ ಗಾಂಧಿ ಬಜಾರಿನ ಮೇಲೆ ನಡೆದು ಬಂದಳು. ಸಂಜೆಯ ಹೂವು ಬಂದಿತ್ತು. ಬುಟ್ಟಿಗಳ ನಡುವೆ ಜನ ಬಗ್ಗಿ ಮೊಳ ಹಾಕಿಸಿಕೊಳ್ಳುತ್ತಿದ್ದರು. ರಾಘವ ಕಾಫಿಗೆ ನಿಲ್ಲುತ್ತಿದ್ದ ಹೋಟೆಲಿನ ಮುಂದೆ ಅವಳು ನಿಲ್ಲಲಿಲ್ಲ. ಅಲ್ಲಿ ಯಾರಾದರೂ ಕೂಟದವರು ಇರುತ್ತಾರೆ, ಎದ್ದು ಕುರ್ಚಿ ಕೊಡುತ್ತಾರೆ, ಅದು ಬೇಡವಾಗಿತ್ತು.

ಮನೆಗೆ ಬಂದು ಬೀಗ ತೆಗೆಯುವಾಗ ಫೋನು ಸದ್ದುಮಾಡಿತು. ವಿನುತಾ ಬರೆದಿದ್ದಳು: ಬೇಜಾರ್ ಮಾಡ್ಕೋಬೇಡಿ ಅಕ್ಕ. ಅವರು ಹಾಗೇ. ಶನಿವಾರ ಮಲ್ಲೇಶ್ವರದಲ್ಲಿ ಮೊದಲನೇ ರೌಂಡು ನಾವಿಬ್ರೇ, ಪೇರಿಂಗ್ ಬಂತು. ಆರಾಮಾಗಿ ಬೇಗ ಮುಗಿಸೋಣ.

ಮೈತ್ರೇಯಿ ಹೊಸಿಲಿನಲ್ಲೇ ನಿಂತು ಉತ್ತರ ಬರೆದಳು: ಇಲ್ಲ ವಿನುತಾ. ಆಡೋಣ.

ವಿನುತಾ ಏನೋ ಬರೆಯುತ್ತಿರುವುದು ಪರದೆಯ ಮೇಲೆ ಕಂಡಿತು. ನಿಂತಿತು. ಮತ್ತೆ ಬರೆಯತೊಡಗಿದಳು, ಮತ್ತೆ ನಿಂತಿತು. ಏನೂ ಬರಲಿಲ್ಲ. ಮುಂದಿನ ಜನವರಿಯಲ್ಲಿ ತನ್ನ ಹೆಸರನ್ನು ಬದರೀನಾರಾಯಣ ಎಷ್ಟು ಕೆಳಗೆ ಓದುತ್ತಾರೆ ಎಂದು ಮೈತ್ರೇಯಿಗೆ ಈಗಲೇ ಗೊತ್ತಾಯಿತು. ಫೋನನ್ನು ಮಗುಚಿಟ್ಟಳು.

ನಡುಮನೆಯ ಮೇಜಿನ ಮೇಲೆ ಬೋರ್ಡು ಇತ್ತು, ಮೇಲೊಂದು ಬಟ್ಟೆ ಮುಚ್ಚಿತ್ತು. ಎರಡು ಕುರ್ಚಿ. ರಾಘವನ ಕುರ್ಚಿಯ ಮೇಲೆ ಇಸ್ತ್ರಿಯಾಗಿ ಬಂದ ಬಟ್ಟೆಗಳನ್ನು ಇಡುವುದು ಯಾವಾಗಲೋ ಅಭ್ಯಾಸವಾಗಿತ್ತು. ದೀಪ ಹಾಕಿ, ಆ ಗಳಿಗೆಯ ಕಾಯಿಗಳನ್ನು ಜೋಡಿಸಿದಳು. ತನ್ನ ಜಾಗದಲ್ಲಿ ಕೂತು, ರಾಜನನ್ನು ಸರಿಸುವ ಮುಂಚಿನ ಬೋರ್ಡನ್ನು ನೋಡಿದಳು. ಗೆಲುವು ಇತ್ತು. ಇಲ್ಲಿತ್ತು, ಇಷ್ಟು ಹತ್ತಿರ. “ಇಲ್ಲಿ ನೋಡೋ” ಎಂದು ಬಾಯಿಯ ತನಕ ಬಂದದ್ದು ಹಾಗೇ ಹಿಂದಕ್ಕೆ ಹೋಯಿತು.

ಸ್ವಲ್ಪ ಹೊತ್ತಾದ ಮೇಲೆ ಎದ್ದು ಬಟ್ಟೆಗಳನ್ನು ತೆಗೆದು ಮಂಚದ ಮೇಲಿಟ್ಟಳು. ಮೇಜು ಸುತ್ತಿ ಬಂದು ರಾಘವನ ಕುರ್ಚಿಯಲ್ಲಿ ಕೂತಳು. ಅಲ್ಲಿಂದ ಅವಳ ಖಾಲಿ ಕುರ್ಚಿ ಕಾಣುತ್ತಿತ್ತು. ಕುದುರೆ ಬಂದು ಇಳಿಯುವ ಮನೆಯೂ ಕಾಣುತ್ತಿತ್ತು, ಹುಡುಕುವ ಅಗತ್ಯವೇ ಇಲ್ಲದಷ್ಟು ಸ್ಪಷ್ಟವಾಗಿ.